ಕಬಿನಿ ಅಣೆಕಟ್ಟು ಮತ್ತು ಕಾಗದವಿಲ್ಲದ ಹಾಡಿಗಳು



ಸಮಾಜ ಪಾಠದಲ್ಲಿ ಅಣೆಕಟ್ಟುಗಳ ವಿಷಯ ಬಂದಾಗ ನಾವು ಹೆಸರು, ಜಿಲ್ಲೆ, ಉಪಯೋಗ ಅಂತ ಮೂರು ಕಾಲಂ ಎಳೆದು ಬಾಯಿಪಾಠ ಮಾಡಿದೆವು. ಇನ್ನೊಂದು ಕಾಲಂ ಬೇಕಿತ್ತು ಅಂತ ನನಗೆ ಅನಿಸಿತು. ಅದು ‘ಜಾಗ ಬಿಟ್ಟವರು ಯಾರು?’ ಎಂಬ ಕಾಲಂ. ಅದಕ್ಕೆ ಕಬಿನಿಯನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಕಬಿನಿ ಅಣೆಕಟ್ಟು ಇರುವುದು ಮೈಸೂರು ಜಿಲ್ಲೆಯಲ್ಲಿ. ಆದರೆ ಅದರ ಹಿನ್ನೀರು ನಾಗರಹೊಳೆ ಕಾಡಿಗೆ ತಾಗಿಕೊಂಡಿದೆ. ಅದೇ ಕಾಡಿನ ಈ ಬದಿಯಲ್ಲಿ ನಾವಿದ್ದೇವೆ. ಆ ಬದಿಯ ಹಾಡಿಗಳಿಂದ ಎಷ್ಟೋ ಜನ ನಮ್ಮ ಕೊಡಗಿನ ಕಾಫಿ ತೋಟಗಳಿಗೆ ಕೆಲಸಕ್ಕೆ ಬರುತ್ತಾರೆ. ಆದ್ದರಿಂದ ಇದು ನಮಗೆ ದೂರದ ವಿಷಯವಲ್ಲ.

1. ನದಿ ಮತ್ತು ಅಣೆಕಟ್ಟು

ಕಬಿನಿಗೆ ಕಪಿಲಾ ಎಂಬ ಹೆಸರೂ ಇದೆ. ಕೇರಳದ ವಯನಾಡಿನಲ್ಲಿ ಪನಮರಂ ಹೊಳೆ ಮತ್ತು ಮಾನಂದವಾಡಿ ಹೊಳೆ ಸೇರಿ ಕಬಿನಿ ಆಗುತ್ತದೆ. ಅದು ನಂಜನಗೂಡಿನ ಮೇಲೆ ಹರಿದು ತಿರುಮಕೂಡಲು ನರಸೀಪುರದಲ್ಲಿ ನಮ್ಮ ಕಾವೇರಿಯನ್ನು ಸೇರುತ್ತದೆ. ಸರಗೂರಿನ ಹತ್ತಿರ, ಬೀಚನಹಳ್ಳಿ ಮತ್ತು ಬಿದರಹಳ್ಳಿಗಳ ನಡುವೆ ಇದಕ್ಕೆ ಕಟ್ಟಿದ ಅಣೆಕಟ್ಟು 1974ರಲ್ಲಿ ಮುಗಿಯಿತು. ಇದರಲ್ಲಿ 19.52 ಟಿಎಂಸಿ ನೀರು ಹಿಡಿಯುತ್ತದೆ. ಒಂದು ಟಿಎಂಸಿ ಅಂದ್ರೆ 100 ಕೋಟಿ ಘನ ಅಡಿ, ಅಂದರೆ ಸುಮಾರು 2,832 ಕೋಟಿ ಲೀಟರ್. ವಯನಾಡಿನಲ್ಲಿ ಮುಂಗಾರು ಜೋರಾಗಿ ಬರುವುದರಿಂದ ಕಾವೇರಿ ಕಡೆಯ ಅಣೆಕಟ್ಟುಗಳಲ್ಲಿ ಸಾಮಾನ್ಯವಾಗಿ ಇದೇ ಬೇಗ ತುಂಬುತ್ತದೆ.

2. ರಾಜ್ಯಗಳ ಜಗಳ

ಕಾವೇರಿ ನೀರಿಗಾಗಿ 1892ರಲ್ಲಿ ಮತ್ತು 1924ರಲ್ಲಿ ಮೈಸೂರಿಗೂ ಮದರಾಸಿಗೂ ಒಪ್ಪಂದಗಳಾದವು. ಕರ್ನಾಟಕವು ನಮ್ಮ ಜಿಲ್ಲೆಯ ಹಾರಂಗಿ, ಗೊರೂರಿನ ಹೇಮಾವತಿ ಮತ್ತು ಕಬಿನಿ ಅಣೆಕಟ್ಟುಗಳನ್ನು ಕಟ್ಟಲು ಹೊರಟಾಗ ತಮಿಳುನಾಡು ಒಪ್ಪಲಿಲ್ಲ. ಕೇಂದ್ರದ ಒಪ್ಪಿಗೆ ಸಿಗದೆ ಕರ್ನಾಟಕ ತನ್ನ ಹಣದಿಂದಲೇ ಕೆಲಸ ನಡೆಸಿತು. 1990ರಲ್ಲಿ ಕಾವೇರಿ ನ್ಯಾಯಮಂಡಳಿ ಆಯಿತು. 2007ರಲ್ಲಿ ಅದರ ಅಂತಿಮ ತೀರ್ಪು ಬಂತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ 740 ಟಿಎಂಸಿಯನ್ನು ಹೀಗೆ ಹಂಚಿತು:

ತಮಿಳುನಾಡು – 404.25
ಕರ್ನಾಟಕ – 284.75
ಕೇರಳ – 30
ಪುದುಚೇರಿ – 7
ಪರಿಸರಕ್ಕೆ ಮತ್ತು ಸಮುದ್ರಕ್ಕೆ – 14

ಕೂಡಿಸಿ ನೋಡಿ, ಸರಿಯಾಗಿ 740 ಬರುತ್ತದೆ. ಕಾಲು ಟಿಎಂಸಿಯನ್ನೂ ಬಿಡದೆ ಲೆಕ್ಕ ಹಾಕಿದ್ದಾರೆ. ಆದರೆ ನೀರು ನಿಲ್ಲಲು ಜಾಗ ಬಿಟ್ಟವರ ವಿಷಯ ಈ ಲೆಕ್ಕದಲ್ಲಿ ಬರುವುದಿಲ್ಲ.

3. ಮುಳುಗಿದ್ದು ಏನು?

ಹಿನ್ನೀರಿನ ಪ್ರದೇಶದಲ್ಲಿ ಹಳ್ಳಿಗಳಿದ್ದವು. ಅವುಗಳ ಜೊತೆಗೆ ಹಾಡಿಗಳೂ ಇದ್ದವು. ಜೇನು ಕುರುಬರು ಮತ್ತು ಕಾಡು ಕುರುಬರು ಅಲ್ಲಿ ಜೇನು, ಗೆಣಸು, ಸೊಪ್ಪು ತಂದು, ಸ್ವಲ್ಪ ರಾಗಿ ಬೆಳೆದು ಬದುಕುತ್ತಿದ್ದರು. ಮೈಸೂರು ಮಹಾರಾಜರ ಕಾಲದಿಂದ ಕಾಕನಕೋಟೆಯಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆಯುತ್ತಿತ್ತಲ್ಲ, ಅದರಲ್ಲಿ ಆನೆಯ ಜಾಡು ಹಿಡಿಯುವವರು ಇದೇ ಕುರುಬರು. ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಆಮೇಲೆ ಆ ಜಾಗದ ಮೇಲೂ ನೀರು ನಿಂತಿತು. ಬೇಸಿಗೆಯಲ್ಲಿ ನೀರು ಇಳಿದಾಗ ಆಗಿನ ಕಾಡಿನ ಒಣಗಿದ ಮರಗಳು ಇವತ್ತಿಗೂ ಕಾಣುತ್ತವೆ.

ಆಗ ಭೂಮಿ ತೆಗೆದುಕೊಳ್ಳಲು ಇದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಅದರ ಪ್ರಕಾರ ಪರಿಹಾರ ಬೇಕಾದರೆ ಜಮೀನು ನನ್ನದು ಎಂದು ತೋರಿಸಬೇಕು. ಹಳ್ಳಿಯವರ ಹತ್ತಿರ ಪಟ್ಟಾ, ಪಹಣಿ ಇರುತ್ತಿತ್ತು. ಕಾಡಿನಲ್ಲಿದ್ದವರಿಗೆ ಪಹಣಿ ಎಲ್ಲಿಂದ ಬರಬೇಕು? ಸರಕಾರದ ಪುಸ್ತಕದಲ್ಲಿ ಆ ಜಾಗ ‘ಅರಣ್ಯ’ ಎಂದೇ ಇತ್ತು.

ನನ್ನ ಗೆಳತಿಯ ಅಜ್ಜಿ ಆ ಕಡೆಯ ಹಾಡಿಯಲ್ಲಿ ಹುಟ್ಟಿದವರು. ಈಗ ತೋಟದ ಲೈನ್ ಮನೆಯಲ್ಲಿದ್ದಾರೆ. “ಅಜ್ಜಿ, ನಿಮ್ಮತ್ರ ಕಾಗದ ಇರಲಿಲ್ವಾ?” ಅಂತ ಕೇಳಿದೆ. “ಕಾಗದ ಎಲ್ಲಿತ್ತು ಮಗಾ? ನಮ್ಮಪ್ಪ ಹುಟ್ಟಿದ್ದೂ ಅಲ್ಲೇ, ಹೂತಿದ್ದೂ ಅಲ್ಲೇ” ಅಂದರು. ಅವರಿಗೆ ಗೊತ್ತಿದ್ದ ದಾಖಲೆ ಅದೊಂದೇ.

4. ನೀರಿನಿಂದ ಮೇಲೆ ಬಂದರೆ?

ಮೇಲೆ ಇದ್ದದ್ದೂ ಕಾಡೇ. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಗಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1988ರಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು. ಹೀಗೆ ಕೆಳಗೆ ನೀರು, ಮೇಲೆ ಉದ್ಯಾನ. ನಡುವೆ ಇದ್ದವರು ಕಾಡಂಚಿಗೆ, ಅಲ್ಲಿಂದ ತೋಟಗಳಿಗೆ ಬಂದರು.

5. ಹೊಸ ಕಾಯ್ದೆ

2006ರಲ್ಲಿ ಸಂಸತ್ತು ಅರಣ್ಯ ಹಕ್ಕು ಕಾಯ್ದೆ ಮಾಡಿತು. ಅಣೆಕಟ್ಟು ಮುಗಿದು ಆಗಲೇ 32 ವರ್ಷ ಆಗಿತ್ತು. ಈ ಕಾಯ್ದೆಯ ಮುಖ್ಯ ಅಂಶಗಳು:

(ಅ) 2005ರ ಡಿಸೆಂಬರ್ 13ಕ್ಕೆ ಮುಂಚೆ ಕಾಡಿನ ಭೂಮಿಯಲ್ಲಿದ್ದ ಬುಡಕಟ್ಟು ಕುಟುಂಬಕ್ಕೆ 4 ಹೆಕ್ಟೇರ್ ಮೀರದಂತೆ ಹಕ್ಕುಪತ್ರ ಸಿಗಬಹುದು.
(ಆ) ಅರ್ಜಿಯನ್ನು ಮೊದಲು ನೋಡುವುದು ಗ್ರಾಮಸಭೆ.
(ಇ) ಅರ್ಜಿ ತೀರ್ಮಾನ ಆಗುವ ತನಕ ಯಾರನ್ನೂ ಎಬ್ಬಿಸಬಾರದು.
(ಈ) ಪಹಣಿ ಇಲ್ಲದಿದ್ದರೂ ಬಾವಿ, ಸ್ಮಶಾನ, ದೇವರ ಜಾಗಗಳು ಸಾಕ್ಷಿಯಾಗುತ್ತವೆ. ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷಿ.

ಅಜ್ಜಿ ಹೇಳಿದ ‘ಹೂತಿದ್ದೂ ಅಲ್ಲೇ’ ಎಂಬ ಮಾತನ್ನು ಈಗ ಕಾಯ್ದೆಯೇ ಸಾಕ್ಷಿ ಅನ್ನುತ್ತದೆ! ಆದರೆ ಒಂದು ತೊಡಕು ಇದೆ. ಸರಕಾರದ ಯೋಜನೆಗಾಗಿ ಬದಲಿ ಭೂಮಿ ಸಿಗದೆ ಎದ್ದು ಹೋದವರಿಗೂ ಹಕ್ಕು ಉಂಟು. ಆದರೆ ಆ ಭೂಮಿಯನ್ನು ಐದು ವರ್ಷದೊಳಗೆ ಆ ಕೆಲಸಕ್ಕೆ ಬಳಸದೆ ಬಿಟ್ಟಿದ್ದರೆ ಮಾತ್ರ. ಕಬಿನಿಯಲ್ಲಿ ನೀರು ನಿಂತೇ ಬಿಟ್ಟಿತು. ಮುಳುಗಿದ ಹಾಡಿಯವರಿಗೆ ಈ ಬಾಗಿಲು ತೆರೆಯುವುದಿಲ್ಲ. ಅವರ ಸಾಕ್ಷಿಯೂ ನೀರಿನ ಅಡಿಯಲ್ಲಿದೆ.

ಕಾಡಿನಿಂದ ಎದ್ದು ಬಂದವರ ಕಥೆ ಬೇರೆ. ಅವರ ಹಳೆಯ ಜಾಗ ಇನ್ನೂ ಒಣನೆಲ. 2025ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಕರಡಿಕಲ್ಲು ಅತ್ತೂರುಕೊಲ್ಲಿಗೆ 52 ಜೇನು ಕುರುಬ ಕುಟುಂಬಗಳು, ಇದು ನಮ್ಮ ಹಿರಿಯರ ಜಾಗ, ಕಾಯ್ದೆ ನಮಗೆ ಹಕ್ಕು ಕೊಟ್ಟಿದೆ ಎಂದು ಹೇಳಿ ವಾಪಸು ಹೋದವು.

6. ನನ್ನ ಅಭಿಪ್ರಾಯ

ಅಣೆಕಟ್ಟು ಬೇಡ ಅಂತ ನಾನು ಹೇಳುತ್ತಿಲ್ಲ. ನಂಜನಗೂಡಿನ ಕಡೆ ಗದ್ದೆಗಳಿಗೆ ಕಬಿನಿ ನೀರೇ ಆಧಾರ, ಆ ಅನ್ನ ನಾವೂ ತಿನ್ನುತ್ತೇವೆ. ಆದರೆ ನೀರನ್ನು ಅಷ್ಟು ಕರಾರುವಾಕ್ಕಾಗಿ ಅಳೆಯಲು ಬಂದವರಿಗೆ, ಹಾಡಿಯಲ್ಲಿ ಎಷ್ಟು ಒಲೆ ಉರಿಯುತ್ತಿದ್ದವು ಎಂದು ಎಣಿಸುವುದು ಕಷ್ಟವಿರಲಿಲ್ಲ. ಆಗ ಎಣಿಸಿದ್ದರೆ ಈಗ ಅಜ್ಜಿಯವರು ಸಾಕ್ಷಿ ಹುಡುಕಬೇಕಾಗಿರಲಿಲ್ಲ. ಆ ಕಾಲ ನೋಡಿದವರಿಗೆ ಈಗ ಅರವತ್ತು, ಎಪ್ಪತ್ತು ವರ್ಷ ದಾಟಿದೆ. ಅವರು ಹೇಳುವುದನ್ನು ಬರೆದುಕೊಳ್ಳಲು ನಮಗೆ ಬರುತ್ತದಲ್ವಾ?

ಹೊಸ ಪದಗಳು
ಹಾಡಿ – ಕಾಡಿನವರ ಮನೆಗಳ ಗುಂಪು
ಹಿನ್ನೀರು – ಅಣೆಕಟ್ಟಿನ ಹಿಂದೆ ನಿಲ್ಲುವ ನೀರು
ಪಹಣಿ – ಜಮೀನು ಯಾರದು, ಬೆಳೆ ಏನು ಎಂದು ತಿಳಿಸುವ ಸರಕಾರಿ ದಾಖಲೆ

ಪ್ರಶ್ನೆಗಳು
1. ಕಬಿನಿ ಎಲ್ಲಿ ಕಾವೇರಿಯನ್ನು ಸೇರುತ್ತದೆ?
2. 19.52 ಟಿಎಂಸಿ ಎಂದರೆ ಎಷ್ಟು ಕೋಟಿ ಲೀಟರ್? ಲೆಕ್ಕ ಮಾಡಿ.
3. ಪಹಣಿ ಇಲ್ಲದವರು ಯಾವ ಯಾವ ಸಾಕ್ಷಿ ಕೊಡಬಹುದು?
4. ನಿಮ್ಮ ಅಜ್ಜ ಅಜ್ಜಿ ಹುಟ್ಟಿದ ಜಾಗ ಯಾವುದು? ಅಲ್ಲಿದ್ದ ಬಾವಿ, ಮರ, ದೇವರ ಜಾಗಗಳನ್ನು ಕೇಳಿ ಬರೆದು ತನ್ನಿ. ಈ ಗೋಡೆಯಲ್ಲಿ ಇನ್ನೂ ಜಾಗ ಇದೆ.

– 7ನೇ ತರಗತಿ ವಿದ್ಯಾರ್ಥಿನಿ