ಯಜಮಾನರು ಹೋದ ಮೇಲೆ: ಮನೆ ಎಲ್ಲಿ, ಹಣ ಹೇಗೆ?

ಓದಿಕೊಳ್ಳಿ: ರೂತಳು ೧:೧-೨೨, ೨ ಅರಸುಗಳು ೪:೧-೭, ಮಾರ್ಕ ೭:೯-೧೩



ಮಣ್ಣು ಕೊಟ್ಟು ಬಂದ ಮೂರನೆಯ ದಿನವೇ ಎರಡು ಪ್ರಶ್ನೆಗಳು ಮನೆಯೊಳಗೆ ಬಂದು ಕೂರುತ್ತವೆ. ಅಮ್ಮ ಇನ್ನು ಎಲ್ಲಿರಬೇಕು? ಅಪ್ಪನ ಹಣವನ್ನು ಏನು ಮಾಡಬೇಕು? ಮಕ್ಕಳು ಹುಬ್ಬಳ್ಳಿಯಿಂದ, ಬೆಂಗಳೂರಿನಿಂದ, ಕೆಲವರು ಗಲ್ಫಿನಿಂದ ಬಂದಿರುತ್ತಾರೆ. ಸೋಮವಾರ ಕೆಲಸಕ್ಕೆ ಹಾಜರಾಗಬೇಕು. ಆದ್ದರಿಂದ ಭಾನುವಾರ ರಾತ್ರಿಯೊಳಗೆ ಎಲ್ಲವೂ ತೀರ್ಮಾನವಾಗಬೇಕು! ಇನ್ನೂ ಅಳುವೇ ಮುಗಿಯದ ತಾಯಿ ತಲೆಯಾಡಿಸುತ್ತಾಳೆ. ಆ ತಲೆಯಾಡಿಸುವಿಕೆಯನ್ನೇ ಎಲ್ಲರೂ ಒಪ್ಪಿಗೆ ಎಂದುಕೊಳ್ಳುತ್ತಾರೆ. ಈ ಅವಸರದಲ್ಲಿ ಮಾರಿದ ಮನೆಯನ್ನು ಮತ್ತೆ ಕೊಳ್ಳಲು ಸಾಮಾನ್ಯವಾಗಿ ಯಾರಿಂದಲೂ ಆಗುವುದಿಲ್ಲ.

ಪತಿಯನ್ನು ಕಳೆದುಕೊಂಡ ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ತಾಯಂದಿರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪಾಠವನ್ನು ಬರೆದಿದೆ. ಪತ್ನಿಯನ್ನು ಕಳೆದುಕೊಂಡವರೂ ಈಗಷ್ಟೇ ನಿವೃತ್ತರಾದವರೂ ತಮಗೆ ಒಪ್ಪುವುದನ್ನು ಇದರಿಂದ ತೆಗೆದುಕೊಳ್ಳಬಹುದು.

ಮೂವರು ವಿಧವೆಯರು, ಮೂರು ದಾರಿ

ಪವಿತ್ರ ಬೈಬಲಿನ ರೂತಳ ಗ್ರಂಥವನ್ನು ನಾವು ಮದುವೆಯ ಸಂದರ್ಭದಲ್ಲಿ ಹೆಚ್ಚು ನೆನೆಯುತ್ತೇವೆ. ಆದರೆ ಅದು ಶುರುವಾಗುವುದೇ ಮೂರು ಸಾವುಗಳಿಂದ. ಬರಗಾಲಕ್ಕೆ ಹೆದರಿ ಬೆತ್ಲೆಹೇಮಿನಿಂದ ಮೋವಾಬಿಗೆ ಹೋದ ಕುಟುಂಬದಲ್ಲಿ ಗಂಡಸರೆಲ್ಲರೂ ತೀರಿಕೊಂಡು ನವೊಮಿ ಮತ್ತು ಅವಳ ಇಬ್ಬರು ಸೊಸೆಯರು ಉಳಿಯುತ್ತಾರೆ. ಎಲ್ಲಿ ಬದುಕುವುದು? ನವೊಮಿ ತನ್ನ ಊರಿಗೆ ಹಿಂದಿರುಗುತ್ತಾಳೆ. ಒರ್ಪಾ ತವರಿಗೆ ಹೋಗುತ್ತಾಳೆ. ರೂತಳು ಅತ್ತೆಯ ಜೊತೆ ಪರ ಊರಿಗೆ ನಡೆಯುತ್ತಾಳೆ. ಪ್ರಸಂಗಗಳಲ್ಲಿ ಒರ್ಪಾಳನ್ನು ಹಗುರವಾಗಿ ಕಾಣುವ ಅಭ್ಯಾಸ ಕೆಲವರಿಗಿದೆ. ಆದರೆ ಬೈಬಲ್ ಅವಳನ್ನು ಒಂದು ಮಾತಿನಿಂದಲೂ ದೂಷಿಸುವುದಿಲ್ಲ. ಅವಳೂ ಅತ್ತು, ಅತ್ತೆಗೆ ಮುತ್ತಿಟ್ಟು, ಅತ್ತೆಯ ಮಾತನ್ನೇ ಕೇಳಿ ಹೊರಟವಳು. ತವರಿಗೆ ಹೋಗುವ ವಿಧವೆ ತಪ್ಪು ಮಾಡಿದಂತಲ್ಲ. ಮಗನ ಮನೆಗೆ ಹೋಗದೆ ಒಬ್ಬಳೇ ಇರುತ್ತೇನೆ ಎನ್ನುವವಳು ಹಟಮಾರಿಯೂ ಅಲ್ಲ.

ಇನ್ನೊಂದನ್ನು ಗಮನಿಸಿ. ನವೊಮಿ ಹೊರಟದ್ದು ಕುರುಡು ದುಃಖದಲ್ಲಲ್ಲ. ಬೆತ್ಲೆಹೇಮಿನಲ್ಲಿ ಮತ್ತೆ ಬೆಳೆಯಾಗಿದೆ ಎಂಬ ಸುದ್ದಿ ಕೇಳಿದ ಮೇಲೆ ಅವಳು ಹೊರಟಳು. ಅಲ್ಲಿ ಅವಳ ಪತಿಗೆ ಸೇರಿದ ಹೊಲವೊಂದಿತ್ತು, ಬಂಧುಗಳಿದ್ದರು. ಅಂದರೆ ಅನ್ನ, ಆಸ್ತಿ, ಆಸರೆ ಮೂರನ್ನೂ ತೂಗಿದ ನಿರ್ಧಾರ ಅದು.

ಸಂತ ಜೇನ್ ಫ್ರಾನ್ಸಿಸ್ ದ ಶಾಂತಾಲ್ ಅವರಿಗೆ ಇಷ್ಟು ಸ್ವಾತಂತ್ರ್ಯವಿರಲಿಲ್ಲ. ೧೬೦೧ರಲ್ಲಿ ಅವರ ಪತಿ ಬೇಟೆಯಲ್ಲಿ ಆದ ಅಪಘಾತದಿಂದ ತೀರಿಕೊಂಡರು. ತನ್ನ ಮನೆಗೆ ಬಂದಿರದಿದ್ದರೆ ಮೊಮ್ಮಕ್ಕಳಿಗೆ ಆಸ್ತಿಯಿಲ್ಲ ಎಂದು ಮಾವ ಬೆದರಿಸಿದರು. ಮಕ್ಕಳಿಗಾಗಿ ಅವರು ಆ ಮನೆಯ ಕಹಿಯನ್ನು ವರ್ಷಗಟ್ಟಲೆ ನುಂಗಿದರು. ಮುಂದೆ ೧೬೧೦ರಲ್ಲಿ ಸಂತ ಫ್ರಾನ್ಸಿಸ್ ದ ಸೇಲ್ಸ್ ಅವರೊಡನೆ ಕನ್ಯಾಸ್ತ್ರೀಯರ ಸಭೆಯೊಂದನ್ನು ಸ್ಥಾಪಿಸಿದರು. ಹಣದ ಹಗ್ಗ ಕಟ್ಟಿ ವಿಧವೆಯನ್ನು ಎಳೆಯುವುದು ಹಳೆಯ ಕಾಯಿಲೆ, ನಮ್ಮ ಕಾಲದ್ದಲ್ಲ.

ವರ್ಷದ ಪೂಜೆಯವರೆಗೆ ಕಾಯಿರಿ

ನಮ್ಮ ಧರ್ಮಸಭೆಯ ರೂಢಿಯಲ್ಲೇ ಒಂದು ಒಳ್ಳೆಯ ಗಡುವು ಇದೆ. ಅದು ವರ್ಷದ ಬಲಿಪೂಜೆ. ಅಲ್ಲಿಯವರೆಗೆ ಮನೆ ಮಾರಬೇಡಿ, ಯಾರಿಗೂ ಬರೆದುಕೊಡಬೇಡಿ, ದೊಡ್ಡ ಮೊತ್ತವನ್ನು ಯಾರ ಕೈಗೂ ಕೊಡಬೇಡಿ. ಮಕ್ಕಳು ಕರೆದರೆ ಹೋಗಿ, ಎರಡು ತಿಂಗಳು ಇದ್ದು ಬನ್ನಿ; ಬೀಗದ ಕೈ ನಿಮ್ಮ ಸೆರಗಿನಲ್ಲೇ ಇರಲಿ. ಸರ್ಕಾರಿ ಅಥವಾ ರೈಲ್ವೆ ವಸತಿಗೃಹದಲ್ಲಿರುವವರು ಒಂದು ದಿನ ಅದನ್ನು ಬಿಡಲೇಬೇಕಾಗುತ್ತದೆ. ಅವರು ಅದೇ ಊರಿನಲ್ಲಿ ಬಾಡಿಗೆ ಮನೆ ಹಿಡಿಯುವುದು ಲೇಸು. ಮಕ್ಕಳ ಶಾಲೆ, ಪರಿಚಿತ ಅಂಗಡಿ, ಭಾನುವಾರದ ಪೂಜೆ ಇವು ಒಮ್ಮೆಗೇ ಕೈತಪ್ಪಬಾರದು.

ಆದರೆ ಕಾಯಬಾರದ ಕೆಲಸಗಳೂ ಇವೆ. ಮರಣವನ್ನು ೨೧ ದಿನಗಳೊಳಗೆ ನೋಂದಾಯಿಸಬೇಕು. ಧರ್ಮಕೇಂದ್ರದ ಮರಣ ದಾಖಲೆ ಬ್ಯಾಂಕಿಗೆ ಸಾಲದು. ಸರ್ಕಾರಿ ಮರಣ ಪ್ರಮಾಣಪತ್ರದ ಏಳೆಂಟು ಪ್ರತಿಗಳನ್ನು ಪಡೆಯಿರಿ. ನಾಡಕಚೇರಿಯಿಂದ ವಂಶವೃಕ್ಷ, ದೇವಾಲಯದಿಂದ ವಿವಾಹ ಪ್ರಮಾಣಪತ್ರ ತೆಗೆದಿಡಿ. ಕುಟುಂಬ ಪಿಂಚಣಿಗೆ ಇವು ಬೇಕಾಗುತ್ತವೆ. ಪತಿಯ ಪಾಸ್‌ಬುಕ್ಕಿನಲ್ಲಿ ಮೇ ಅಥವಾ ಜೂನ್ ತಿಂಗಳ ಸಾಲುಗಳನ್ನು ಬೆರಳಿಟ್ಟು ನೋಡಿ. ಅಲ್ಲಿ ೪೩೬ ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ. ೨೦ ರೂಪಾಯಿ ಕಡಿತವಾಗಿದ್ದರೆ ಸುರಕ್ಷಾ ವಿಮೆ, ಅದು ಅಪಘಾತದ ಸಾವಿಗೆ ಮಾತ್ರ. ಎರಡರಲ್ಲೂ ಎರಡು ಲಕ್ಷ ರೂಪಾಯಿ ಬರುತ್ತದೆ. ತಡಮಾಡದೆ ಬ್ಯಾಂಕಿನಲ್ಲಿ ಅರ್ಜಿ ಕೊಡಿ. ಪತಿಯೇ ತುಂಬಿದ್ದ ವಿಮೆಯ ಸುಳಿವು ಪತ್ನಿಗೆ ಇಲ್ಲದಿರುವುದು ನಮ್ಮ ಮನೆಗಳಲ್ಲಿ ಅಪರೂಪವೇನಲ್ಲ.

ಹಾವೇರಿಯೋ, ರಾಣೆಬೆನ್ನೂರೋ, ಬ್ಯಾಡಗಿಯೋ?

ವರ್ಷ ಕಳೆಯಿತು ಎನ್ನೋಣ. ಈಗ ಊರುಗಳನ್ನು ತೂಗಿ ನೋಡಿ.

೧೯೯೭ಕ್ಕೆ ಮುಂಚೆ ಈ ಮೂರೂ ಊರುಗಳು ಧಾರವಾಡ ಜಿಲ್ಲೆಯಲ್ಲಿದ್ದವು. ಒಂದು ಸಹಿಗಾಗಿ ಧಾರವಾಡದ ದಾರಿ ಹಿಡಿಯಬೇಕಿತ್ತು. ಹಾವೇರಿ ಜಿಲ್ಲಾ ಕೇಂದ್ರವಾದ ಮೇಲೆ ಖಜಾನೆ, ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾಸ್ಪತ್ರೆ ಎಲ್ಲವೂ ಅಲ್ಲೇ. ಪಿಂಚಣಿಯ ಓಡಾಟವಿರುವವರಿಗೆ, ಕಾಯಿಲೆಯಿರುವವರಿಗೆ ಇದು ದೊಡ್ಡ ಅನುಕೂಲ. ರಾಣೆಬೆನ್ನೂರು ದೊಡ್ಡ ವ್ಯಾಪಾರದ ಊರು, ಬೀಜದ ಕಂಪನಿಗಳ ಊರು. ಇನ್ನೂ ದುಡಿಯಬೇಕಾದ ವಯಸ್ಸಿನ ತಾಯಿಗೆ ಅಲ್ಲಿ ಏನಾದರೊಂದು ಕೆಲಸ ಸಿಕ್ಕೀತು. ಬ್ಯಾಡಗಿ ಚಿಕ್ಕ ಊರು, ಹೆದ್ದಾರಿಯಿಂದ ಮೋಟೆಬೆನ್ನೂರಿನಲ್ಲಿ ಒಳಗೆ ತಿರುಗಬೇಕು, ನಿಲ್ಲುವ ರೈಲುಗಳೂ ಕಡಿಮೆ. ಆದರೆ ಚಿಕ್ಕ ಊರಿನಲ್ಲಿ ರಾತ್ರಿ ಬಾಗಿಲು ತಟ್ಟಿದರೆ ಬರುವವರಿರುತ್ತಾರೆ. ಇದಕ್ಕೆ ಬೆಲೆ ಕಟ್ಟಲು ಯಾವ ಲೆಕ್ಕಪುಸ್ತಕಕ್ಕೂ ಬಾರದು. ಮೂರೂ ಊರುಗಳು ಒಂದೇ ರೈಲುಹಳಿಯ ಮೇಲಿವೆ. ೨೦೨೩ರ ಜೂನ್ ೧೧ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ಟಿನ ಖರ್ಚೂ ಇಲ್ಲವಾಗಿದೆ. ಬ್ಯಾಡಗಿಯಲ್ಲಿದ್ದುಕೊಂಡೇ ಹಾವೇರಿಯ ಆಸ್ಪತ್ರೆಗೆ ಹೋಗಿ ಬರಬಹುದು.

ಕಥೋಲಿಕರಾದ ನಾವು ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಮುಪ್ಪಿನಲ್ಲಿ ಭಾನುವಾರದ ಪೂಜೆಗೆ ನಡೆದು ಹೋಗಲು ಆಗುತ್ತದೆಯೇ? ಹಾಸಿಗೆ ಹಿಡಿದಾಗ ಪರಮಪ್ರಸಾದ ತರಲು ಗುರುಗಳಿಗೆ ಮನೆ ಗೊತ್ತಿದೆಯೇ? ಈ ಭಾಗದಲ್ಲಿ ನಾವು ಅಲ್ಪಸಂಖ್ಯಾತರು, ಚದುರಿಹೋದವರು. ಬೆಂಗಳೂರಿನಲ್ಲಿ ಮಗನ ಫ್ಲ್ಯಾಟಿನ ಎದುರೇ ದೇವಾಲಯವಿರಬಹುದು, ಆದರೆ ಅಲ್ಲಿ ನಿಮ್ಮನ್ನು ಹೆಸರು ಹಿಡಿದು ಕರೆಯುವವರು ಯಾರು? ಪತಿಯ ಸಮಾಧಿ ಇಲ್ಲಿದೆ ಎಂಬ ಒಂದೇ ಕಾರಣಕ್ಕೆ ಇಲ್ಲೇ ಇರುತ್ತೇನೆ ಎನ್ನುವವರನ್ನು ನಾನು ಗೌರವಿಸುತ್ತೇನೆ. ಆದರೂ ನವೊಮಿ ಮೂರು ಸಮಾಧಿಗಳನ್ನು ಮೋವಾಬಿನಲ್ಲಿ ಬಿಟ್ಟೇ ಬಂದಳು. ನವೆಂಬರ್ ೨ರಂದು ಬಂದು ಮೇಣದಬತ್ತಿ ಹಚ್ಚಿ ಹೋಗುವುದು ಮರೆತಂತಲ್ಲ.

ಎಣ್ಣೆಯ ಕುಡಿಕೆಯ ಪಾಠ

ಈಗ ಹಣದ ಮಾತು. ಎಲೀಷ ಪ್ರವಾದಿಯ ಬಳಿಗೆ ಬಂದ ವಿಧವೆಯ ಕಥೆಯನ್ನು ನಿಧಾನವಾಗಿ ಓದಿ. ಸಾಲಗಾರನು ಅವಳ ಇಬ್ಬರು ಮಕ್ಕಳನ್ನು ಜೀತಕ್ಕೆ ಒಯ್ಯಲು ಬಂದಿದ್ದಾನೆ. ಪ್ರವಾದಿ ಮೊದಲು ಕೇಳಿದ್ದು ಮನೆಯಲ್ಲಿ ಏನಿದೆ ಎಂದು. ಆಮೇಲೆ ನೆರೆಹೊರೆಯವರಿಂದ ಪಾತ್ರೆಗಳನ್ನು ಕೇಳಿ ತರಲು ಹೇಳಿದ. ಎಣ್ಣೆ ತುಂಬಿದ ಮೇಲೆ ಕೊಟ್ಟ ಅಪ್ಪಣೆಯ ಕ್ರಮ ನೋಡಿ: ಮಾರು, ಸಾಲ ತೀರಿಸು, ಉಳಿದದ್ದರಲ್ಲಿ ಮಕ್ಕಳೊಡನೆ ಜೀವಿಸು. ಪವಾಡದ ನಂತರವೂ ಲೆಕ್ಕ ತಪ್ಪಲಿಲ್ಲ.

ಮನೆಯಲ್ಲಿ ಏನಿದೆ? ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಖಾತೆ, ಠೇವಣಿ, ವಿಮೆ, ಭವಿಷ್ಯನಿಧಿ, ಚಿನ್ನ, ಹೊಲ, ಬರಬೇಕಾದ ಬಾಕಿ. ಬೀಜೋತ್ಪಾದನೆ ಮಾಡುವ ರೈತ ಕುಟುಂಬದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಬೀಜ ಒಪ್ಪಿಸಿ, ಪರೀಕ್ಷೆಯಲ್ಲಿ ಪಾಸಾಗಿ, ಹಣ ಕೈಗೆ ಬರಲು ತಿಂಗಳುಗಳೇ ಬೇಕು. ಪತಿ ತೀರಿದ ಮೇಲೆ ಆ ಬಾಕಿಯನ್ನು ಕೇಳುವವರೇ ಇಲ್ಲದಂತಾಗುವುದುಂಟು. ಸಾಲವನ್ನೂ ಬರೆಯಿರಿ. ಪತಿಯ ಸಾಲ ಅವರು ಬಿಟ್ಟುಹೋದ ಆಸ್ತಿಯಿಂದ ತೀರಬೇಕು. ನೀವು ಜೊತೆ ಸಾಲಗಾರರಾಗಿ ಅಥವಾ ಜಾಮೀನಾಗಿ ಸಹಿ ಹಾಕಿರದಿದ್ದರೆ, ನಿಮಗೆ ಬಂದ ಪಾಲನ್ನು ಮೀರಿ ನಿಮ್ಮ ಸ್ವಂತ ದುಡಿಮೆಯಿಂದ ತೀರಿಸಬೇಕಾದ ಹೊಣೆ ಕಾನೂನಿನಲ್ಲಿಲ್ಲ. ಬಾಯಿಮಾತಿನ ಸಾಲ ಹೇಳಿಕೊಂಡು ಬರುವವರಿಗೆ ಕಾಗದ ತೋರಿಸಲು ಹೇಳಿ. ಅದರಲ್ಲಿ ಅವಮಾನವಿಲ್ಲ.

ಉಳಿದ ಹಣ ದುಡಿಯಬೇಕು, ಆದರೆ ಓಡಿಹೋಗಬಾರದು. ಬ್ಯಾಡಗಿಯಲ್ಲಿ ಕೈಯಲ್ಲಿ ಹಣವಿರುವ ವಿಧವೆಗೆ ಮೊದಲು ಬರುವ ಸಲಹೆಯೆಂದರೆ ಮೆಣಸಿನಕಾಯಿಗೆ ಹಾಕಿ, ಶೀತಗೃಹದಲ್ಲಿಡಿ, ದರ ಬಂದಾಗ ಮಾರೋಣ ಎಂಬುದು. ೨೦೧೧ರಲ್ಲಿ ಭೌಗೋಳಿಕ ಗುರುತು ಪಡೆದ ಈ ಮೆಣಸಿನಕಾಯಿ ನಮ್ಮ ಹೆಮ್ಮೆ, ನಿಜ. ಆದರೆ ೨೦೨೪ರ ಮಾರ್ಚ್ ೧೧ರ ಸೋಮವಾರವನ್ನು ನೆನೆಯಿರಿ. ದರ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳು ಬೆಂಕಿಗೆ ಆಹುತಿಯಾದವು. ಜೀವಮಾನವಿಡೀ ಆ ವ್ಯಾಪಾರ ಬಲ್ಲವರಿಗೇ ಹಾಗಾದರೆ, ವಿಮೆಯ ಹಣವೊಂದೇ ಆಧಾರವಾದ ತಾಯಿಗೆ ಅದು ತಕ್ಕ ಜಾಗವಲ್ಲ.

ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಒಬ್ಬರ ಹೆಸರಿನಲ್ಲಿ ಒಂಬತ್ತು ಲಕ್ಷದವರೆಗೆ ಇಡಬಹುದು. ೨೦೨೩ರ ಏಪ್ರಿಲ್‌ನಲ್ಲಿ ನಿಗದಿಯಾದ ಶೇಕಡಾ ೭.೪ರ ಬಡ್ಡಿಯಲ್ಲಿ ತಿಂಗಳಿಗೆ ೫,೫೫೦ ರೂಪಾಯಿ ಬರುತ್ತದೆ. ಅರವತ್ತು ತುಂಬಿದವರಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯಿದೆ. ಅದರ ಮಿತಿ ಮೂವತ್ತು ಲಕ್ಷ. ಅದೇ ಏಪ್ರಿಲ್‌ನಲ್ಲಿ ಬಂದ ಶೇಕಡಾ ೮.೨ರ ದರದಲ್ಲಿ ಒಂಬತ್ತು ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ ೧೮,೪೫೦ ರೂಪಾಯಿ. ಸರ್ಕಾರ ಈ ದರಗಳನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುವುದರಿಂದ ಹಣ ಕಟ್ಟುವ ದಿನ ಕೌಂಟರಿನಲ್ಲಿ ಕೇಳಿಯೇ ಕಟ್ಟಿ. ಎಲ್ಲವನ್ನೂ ಕಟ್ಟಿಬಿಡಬೇಡಿ. ಆರು ತಿಂಗಳ ಸಂಸಾರದ ಖರ್ಚು ಉಳಿತಾಯ ಖಾತೆಯಲ್ಲಿರಲಿ.

ಬ್ಯಾಂಕಿನ ಠೇವಣಿಗೆ ೨೦೨೦ರ ಫೆಬ್ರವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಐದು ಲಕ್ಷದವರೆಗೆ ವಿಮೆಯಿದೆ. ಸಹಕಾರಿ ಬ್ಯಾಂಕುಗಳಿಗೂ ಇದೆ. ಆದರೆ ಪತ್ತಿನ ಸಹಕಾರಿ ಸಂಘಗಳಿಗೆ, ಸೌಹಾರ್ದ ಸಹಕಾರಿಗಳಿಗೆ ಈ ವಿಮೆಯ ರಕ್ಷಣೆ ಇಲ್ಲ. ಬೋರ್ಡಿನ ಮೇಲೆ ಬರೆದ ಬಡ್ಡಿಗಿಂತ ಮೊದಲು, ಇದು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಬ್ಯಾಂಕೋ, ಬರೀ ಸಂಘವೋ ಎಂದು ಕೇಳಿ. ನಮ್ಮವರೇ ನಡೆಸುತ್ತಾರೆ ಎಂಬುದು ಉತ್ತರವಲ್ಲ.

ಪಾಲು, ಕೊರ್ಬಾನ್, ಉಯಿಲು

ಕ್ರೈಸ್ತರಿಗೆ ೧೯೨೫ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆ. ಉಯಿಲು ಬರೆಯದೆ ಪತಿ ತೀರಿಕೊಂಡರೆ ಅವರ ಆಸ್ತಿಯ ಮೂರನೆಯ ಒಂದು ಭಾಗ ಪತ್ನಿಗೆ, ಉಳಿದ ಎರಡು ಭಾಗ ಮಕ್ಕಳಿಗೆ ಸಮನಾಗಿ. ಮದುವೆಯಾಗಿ ಹೋದ ಮಗಳಿಗೂ ಮಗನಷ್ಟೇ ಪಾಲು. ಆದ್ದರಿಂದ ಮನೆ ಮಾರಬೇಕಾದರೆ ಎಲ್ಲರ ಸಹಿ ಬೇಕು. ನಾಮಿನಿಯಾದವರು ಹಣವನ್ನು ಪಡೆದುಕೊಳ್ಳುವವರೇ ಹೊರತು ಅಷ್ಟರಿಂದಲೇ ಒಡೆಯರಲ್ಲ. ೧೯೮೩ರಲ್ಲೇ ಸುಪ್ರೀಂ ಕೋರ್ಟ್ ಜೀವವಿಮೆಯ ಮೊಕದ್ದಮೆಯೊಂದರಲ್ಲಿ ಹೀಗೆ ಹೇಳಿದೆ. ನಾಮಿನಿ ನಾನೇ ಎಂದು ತಾಯಿಯ ಮುಂದೆ ಪಾಸ್‌ಬುಕ್ ಮುಚ್ಚುವ ಮಗನಿಗೆ ಇದನ್ನು ಓದಿ ಹೇಳಿ.

ತಂದೆತಾಯಿಗೆ ಸಲ್ಲಬೇಕಾದದ್ದನ್ನು ಕೊರ್ಬಾನ್, ಅಂದರೆ ದೇವರಿಗೆ ಮುಡಿಪು, ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದವರನ್ನು ಪ್ರಭು ಯೇಸು ಕಟುವಾಗಿ ಖಂಡಿಸಿದರು. ಇಂದಿನ ಕೊರ್ಬಾನ್ ಬೇರೆ ರೂಪದ್ದು. "ಅಮ್ಮಾ, ಮನೆ ನನ್ನ ಹೆಸರಿಗಿದ್ದರೆ ಸಾಲ ಸಿಗುತ್ತದೆ, ನಿನ್ನನ್ನು ನೋಡಿಕೊಳ್ಳುವುದಿಲ್ಲವೇ?" ನೋಡಿಕೊಳ್ಳುವ ಮಕ್ಕಳೇ ಹೆಚ್ಚು, ಅದಕ್ಕಾಗಿ ದೇವರಿಗೆ ಸ್ತೋತ್ರ. ಆದರೂ ದಾನಪತ್ರ ಬರೆಯಲೇಬೇಕಾದರೆ, ತಾಯಿಯ ಊಟ, ಔಷಧ, ವಾಸದ ಹೊಣೆ ಪಡೆಯುವವರದು ಎಂಬ ಷರತ್ತನ್ನು ಪತ್ರದಲ್ಲೇ ಸೇರಿಸಿ. ಅರವತ್ತು ತುಂಬಿದವರು ಹೀಗೆ ಬರೆದುಕೊಟ್ಟು, ಷರತ್ತು ಮುರಿದುಬಿದ್ದರೆ, ೨೦೦೭ರ ಹಿರಿಯ ನಾಗರಿಕರ ಕಾಯಿದೆಯ ೨೩ನೆಯ ಕಲಮಿನಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯಲ್ಲಿ ಆ ಪತ್ರವನ್ನು ರದ್ದುಪಡಿಸಲು ಕೇಳಬಹುದು. ಷರತ್ತು ಬರೆದಿರದಿದ್ದರೆ ಅದನ್ನು ಸಾಧಿಸುವುದು ಕಷ್ಟ.

ದಾನಪತ್ರಕ್ಕಿಂತ ಉಯಿಲು ಮೇಲು; ಬದುಕಿರುವವರೆಗೆ ಮನೆ ನಿಮ್ಮದೇ, ಮನಸ್ಸು ಬದಲಾದರೆ ಉಯಿಲನ್ನೂ ಬದಲಿಸಬಹುದು. ದಂಪತಿಗಳಿಬ್ಬರೂ ಇರುವಾಗಲೇ ಬರೆದರೆ ಇನ್ನೂ ಒಳ್ಳೆಯದು. ಮತ್ತೆ ವಿವಾಹವಾದರೆ ಹಳೆಯ ಉಯಿಲು ತಾನಾಗಿಯೇ ಬಿದ್ದುಹೋಗುತ್ತದೆ, ಹೊಸದಾಗಿ ಬರೆಯಬೇಕು. ದೇವಾಲಯಕ್ಕೆ, ಬಡವರಿಗೆ ಏನಾದರೂ ಬಿಡಬೇಕೆಂಬ ಆಸೆಯಿರುವವರಿಗೆ ಒಂದು ಮಾತು. ಸಮೀಪದ ಬಂಧುಗಳಿರುವ ಕ್ರೈಸ್ತರು ಧರ್ಮಕಾರ್ಯಕ್ಕೆ ಉಯಿಲು ಬರೆಯಲು ಹಿಂದೆ ಕಾನೂನಿನ ಅಡ್ಡಿಯಿತ್ತು. ಕೇರಳದ ಗುರು ಜಾನ್ ವಲ್ಲಮಟ್ಟಂ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ೨೦೦೩ರಲ್ಲಿ ಆ ಕಲಮನ್ನು ತೆಗೆದುಹಾಕಿತು. ಆದರೆ ಮೊದಲು ನಿಮ್ಮನ್ನು ಅವಲಂಬಿಸಿದವರ ಅನ್ನ, ಆಮೇಲೆ ಕಾಣಿಕೆ.

ಉಯಿಲಿಗೆ ಛಾಪಾಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ನಿಮ್ಮ ಸಹಿಯನ್ನು ಕಂಡ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಆಸ್ತಿ ಪಡೆಯುವ ಮಗನಾಗಲಿ ಅವನ ಹೆಂಡತಿಯಾಗಲಿ ಸಾಕ್ಷಿಯಾಗಬಾರದು. ಆದರೆ ಉಯಿಲು ಉಳಿದರೂ ಆ ಮಗನ ಪಾಲು ಬಿದ್ದುಹೋಗುತ್ತದೆ. ಪೂಜೆ ಮುಗಿಸಿ ಬರುವಾಗ ನಿಮಗಿಂತ ಕಿರಿಯರಾದ, ನಿಮ್ಮ ಆಸ್ತಿಯಲ್ಲಿ ಪಾಲಿಲ್ಲದ ಇಬ್ಬರು ನೆರೆಯವರನ್ನು ಮನೆಗೆ ಕರೆದುಕೊಂಡು ಬನ್ನಿ.