ತಲೆಸುತ್ತಿಗೆ ಬಿಸಿಲೇ ಕಾರಣವಾ? ಲಿವರ್‌ನ ಒಂದು ಅಪರೂಪದ ಗಡ್ಡೆಯ ಕಥೆ

ನಮ್ಮ ಕೆಂಭಾವಿ ಕಡೆ ಹತ್ತಿ ಬಿಡಿಸೋಕೆ ಹೋದವರು ತಲೆ ಸುತ್ತಿ ಬಿದ್ದರೆ, ಕಾರಣ ಹೇಳೋಕೆ ಡಾಕ್ಟರ್ ಬೇಕಾಗಲ್ಲ. "ಬಿಸಿಲು ಬಡಿದದ, ಮುಂಜಾನೆ ಏನೂ ಉಂಡಿಲ್ಲ" ಅಂತ ಸಕ್ಕರೆ ನೀರು ಕುಡಿಸ್ತೀವಿ. ಎದ್ದು ಕೂತರೆ ವಿಷಯ ಮುಗೀತು. ಹೆಚ್ಚಿನ ಸಲ ಅದೇ ಸರಿ ಕೂಡ. ಆದರೆ ಶುಗರ್ ಕಾಯಿಲೆ ಇಲ್ಲದ, ಅದರ ಮಾತ್ರೆಯನ್ನೂ ತಗೊಳ್ಳದ ಒಬ್ಬರಿಗೆ ನಸುಕಿನಲ್ಲಿ ಮತ್ತೆ ಮತ್ತೆ ಬೆವರು ಬಂದು, ಮಾತು ತೊದಲಿ, ಸಕ್ಕರೆ ತಿಂದ ಕೂಡಲೇ ಸರಿಹೋಗ್ತಿದ್ದರೆ? ಅಲ್ಲಿ ಬಿಸಿಲೇ ಇಲ್ಲವಲ್ಲ!

ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ತೀರಾ ಅಪರೂಪದ್ದು ಸಾಲಿಟರಿ ಫೈಬ್ರಸ್ ಟ್ಯೂಮರ್, ಅಂದ್ರೆ ನಾರಿನಂಥ ಅಂಗಾಂಶದ ಒಂಟಿ ಗಡ್ಡೆ. 1931ರಲ್ಲಿ ಕ್ಲೆಂಪರರ್ ಮತ್ತು ರಾಬಿನ್ ಇದನ್ನು ಶ್ವಾಸಕೋಶದ ಹೊದಿಕೆಯಲ್ಲಿ ಗುರುತಿಸಿ ವಿವರಿಸಿದರು. ಲಿವರ್‌ನಲ್ಲಿ ಇದು ಎಷ್ಟು ಅಪರೂಪ ಅಂದ್ರೆ, ವೈದ್ಯಕೀಯ ಪತ್ರಿಕೆಗಳಲ್ಲಿ ಬರೋದೇ ಹೆಚ್ಚಾಗಿ ಒಬ್ಬೊಬ್ಬ ರೋಗಿಯ ವರದಿಯಾಗಿ.

ಫೀಡ್‌ಬ್ಯಾಕ್ ಉಲ್ಟಾ ಆದಾಗ

ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದರ ಮೂಲ ಬೇಗ ಅರ್ಥ ಆಗುತ್ತೆ. 12ನೇ ಕ್ರೋಮೋಸೋಮ್‌ನಲ್ಲಿ ಎನ್‌ಎಬಿ2, ಸ್ಟ್ಯಾಟ್6 ಅಂತ ಎರಡು ಜೀನ್‌ಗಳು ಪಕ್ಕಪಕ್ಕದಲ್ಲಿವೆ. ಎನ್‌ಎಬಿ2 ಕೋಶದ ಬೆಳವಣಿಗೆಗೆ ಬ್ರೇಕ್ ಹಾಕುವಂಥದ್ದು. ಈ ಗಡ್ಡೆಯಲ್ಲಿ ಅವೆರಡೂ ಬೆಸೆದುಕೊಳ್ಳುತ್ತವೆ ಅಂತ 2013ರಲ್ಲಿ ಗೊತ್ತಾಯಿತು. ಬೆಸೆದ ಮೇಲೆ ಬ್ರೇಕೇ ಆಕ್ಸಿಲರೇಟರ್ ಆಗುತ್ತೆ. ಕೆಲವು ಗಡ್ಡೆಗಳು ಇನ್ಸುಲಿನ್ ಹಾಗೇ ಕೆಲಸ ಮಾಡುವ ಐಜಿಎಫ್-2 ಎಂಬ ಪ್ರೋಟೀನನ್ನು ಸುರಿಸುವುದರಿಂದ ರಕ್ತದ ಸಕ್ಕರೆ ಕುಸಿಯುತ್ತೆ. ಇದೇ ಡೋಗೆ-ಪಾಟರ್ ಸಿಂಡ್ರೋಮ್. ಆಗ ರಕ್ತದಲ್ಲಿ ಸಕ್ಕರೆಯೂ ಕಡಿಮೆ, ಇನ್ಸುಲಿನ್ನೂ ಕಡಿಮೆ. ಡಾಕ್ಟರಿಗೆ ಇದೇ ಸುಳಿವು.

ಪತ್ತೆ ಹೇಗೆ?

ಮೊದಲು ಅಲ್ಟ್ರಾಸೌಂಡ್, ಆಮೇಲೆ ಕಾಂಟ್ರಾಸ್ಟ್ ಕೊಟ್ಟು ಸಿಟಿ ಅಥವಾ ಎಂಆರ್‌ಐ. ಚಿತ್ರದಲ್ಲಿ ಗಡ್ಡೆ ಎಷ್ಟು ದೊಡ್ಡದು, ಯಾವ ರಕ್ತನಾಳಕ್ಕೆ ತಾಗಿದೆ ಅಂತ ತಿಳಿಯುತ್ತೆ. ಆದರೆ ಬೇರೆ ಲಿವರ್ ಗಡ್ಡೆಗಳೂ ಹೀಗೇ ಕಾಣಬಹುದು, ಹಾಗಾಗಿ ಸ್ಕ್ಯಾನ್ ನೋಡಿ ಹೆಸರಿಡೋಕೆ ಆಗಲ್ಲ. ಬಯಾಪ್ಸಿಯ ತುಣುಕಿಗೆ ಸ್ಟ್ಯಾಟ್6 ಸ್ಟೇನ್ ಹಾಕಿದಾಗ ಕೋಶಗಳ ನ್ಯೂಕ್ಲಿಯಸ್ ಬಣ್ಣ ಹಿಡಿದರೆ ಅನುಮಾನ ಬಹುಮಟ್ಟಿಗೆ ಬಗೆಹರಿದಂತೆ.

ಇಲ್ಲಿ ಒಂದು ಉಪಯೋಗದ ಮಾತು: ಆ ತುಣುಕನ್ನು ಮೇಣದ ಬ್ಲಾಕ್‌ನಲ್ಲಿ ಇಟ್ಟಿರುತ್ತಾರೆ. ಎರಡನೇ ಅಭಿಪ್ರಾಯ ಬೇಕಾದರೆ ರೋಗಿಯೇ ಬಸ್ ಹತ್ತಬೇಕಿಲ್ಲ, ಬ್ಲಾಕ್ ಮತ್ತು ಸ್ಲೈಡ್ ಹೋದರೆ ಸಾಕು.

ಚಿಕಿತ್ಸೆ

ಮುಖ್ಯ ಚಿಕಿತ್ಸೆ ಸರ್ಜರಿ. ಗಡ್ಡೆಯನ್ನು ಸುತ್ತಲಿನ ಸ್ವಲ್ಪ ಒಳ್ಳೆಯ ಭಾಗದ ಸಮೇತ ತೆಗೆಯುತ್ತಾರೆ. ಉಳಿದ ಲಿವರ್ ಆರೋಗ್ಯವಾಗಿದ್ದರೆ ಮತ್ತೆ ಬೆಳೆಯುತ್ತೆ. ಐಜಿಎಫ್-2 ಸುರಿಸುವ ಗಡ್ಡೆ ಪೂರ್ತಿ ಹೊರಬಂದರೆ ಸಕ್ಕರೆಯೂ ಹದಕ್ಕೆ ಬರುತ್ತೆ. ತೆಗೆಯೋಕೆ ಆಗದಿದ್ದರೆ ರೇಡಿಯೇಶನ್, ರಕ್ತನಾಳದ ಬೆಳವಣಿಗೆ ತಡೆಯುವ ಔಷಧಿಗಳು ಇವೆ. ಮಾಮೂಲಿ ಕೀಮೋಗೆ ಇದು ಅಷ್ಟಾಗಿ ಬಗ್ಗಲ್ಲ.

ನಮ್ಮ ಭಾಗದವರಿಗೆ ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ.

ಆಪರೇಷನ್ ಆಯ್ತು ಅಂತ ಮರೆಯೋ ಹಾಗಿಲ್ಲ. ಈ ಗಡ್ಡೆ ಹತ್ತು ವರ್ಷದ ನಂತರವೂ ಮರುಕಳಿಸಬಹುದು. ಮನೆಯಲ್ಲಿ ಸ್ಕ್ಯಾನು, ಬಯಾಪ್ಸಿ ಕಾಗದ ನೋಡಿ "ಇಂಗ್ಲಿಷ್‌ನಾಗ ಅದ, ನೀನೇ ಓದು" ಅಂತ ನಮ್ಮ ಕೈಗೇ ಕೊಡ್ತಾರೆ. ಓದೋಣ, ಮನೆಯವರಿಗೆ ಕನ್ನಡದಲ್ಲಿ ಹೇಳೋಣ, ಆ ಫೈಲನ್ನು ಜೋಪಾನವಾಗಿ ಎತ್ತಿಡೋಣ. ಇನ್ನು ನಸುಕಿನ ತಲೆಸುತ್ತಿಗೆ ಸಕ್ಕರೆ ನೀರು ಕೊಡೋಣ, ಜೊತೆಗೆ ರಕ್ತ ಪರೀಕ್ಷೆಯನ್ನೂ ಮಾಡಿಸೋಣ.