ರೈ ವಿಸ್ಕಿ: ಕಾಯಲೇಬೇಕಾದ ಉದ್ಯಮ

ಒಶಾವಾದಿಂದ ಗೋ ಟ್ರೈನ್ ಹತ್ತಿ ಟೊರೊಂಟೊದ ಯೂನಿಯನ್ ಸ್ಟೇಷನ್‌ನಲ್ಲಿ ಇಳಿದರೆ, ಪೂರ್ವಕ್ಕೆ ಸ್ವಲ್ಪ ದೂರದಲ್ಲೇ ಡಿಸ್ಟಿಲರಿ ಡಿಸ್ಟ್ರಿಕ್ಟ್ ಇದೆ. ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ ಫೋಟೊ ತೆಗೆಯೋ ಜಾಗ ಅದು. ಆ ಕೆಂಪು ಇಟ್ಟಿಗೆ ಕಟ್ಟಡಗಳು ಗುಡರ್‌ಹ್ಯಾಮ್ ಅಂಡ್ ವರ್ಟ್ಸ್ ಕಂಪನಿಯವು. ಈ ಕಂಪನಿ 1837ರಲ್ಲಿ ಮದ್ಯ ಬಟ್ಟಿ ಇಳಿಸಲು ಶುರು ಮಾಡಿತು. 1990ರಲ್ಲಿ ಬಾಗಿಲು ಮುಚ್ಚಿತು. ಕೆನಡಾದ ಹೆಗ್ಗುರುತಾಗಿದ್ದ ರೈ ವಿಸ್ಕಿ ಸೊರಗಿದ್ದು ಯಾಕೆ, ಮತ್ತೆ ಚಿಗುರಿದ್ದು ಹೇಗೆ?

ಮೊದಲು ವಿಜ್ಞಾನ ನೋಡೋಣ. ರೈ ಅಂದ್ರೆ ಗೋಧಿಯ ನೆಂಟ, ಚಳಿ ತಡೆಯುವ ಧಾನ್ಯ. ಧಾನ್ಯದ ಪಿಷ್ಟವನ್ನು ಸಕ್ಕರೆಯಾಗಿಸಿ, ಯೀಸ್ಟ್ ಹಾಕಿ ಹುದುಗಿಸುತ್ತಾರೆ. ಆಲ್ಕೋಹಾಲ್ ಸುಮಾರು 78 ಡಿಗ್ರಿಗೆ ಕುದಿಯುತ್ತೆ, ನೀರು 100ಕ್ಕೆ. ಹಾಗಾಗಿ ಕಾಯಿಸಿದಾಗ ಏಳುವ ಆವಿಯಲ್ಲಿ ಆಲ್ಕೋಹಾಲ್ ಹೆಚ್ಚು. ಅದನ್ನು ತಣಿಸಿದರೆ ಸಿಗೋದು ಬಣ್ಣವೇ ಇಲ್ಲದ ದ್ರವ. ಬಣ್ಣ ಮತ್ತು ಬಹಳಷ್ಟು ಪರಿಮಳ ಕೊಡೋದು ಮರದ ಪೀಪಾಯಿ. ಓಕ್ ಮರದ ಲಿಗ್ನಿನ್ ಒಡೆದು ವೆನಿಲಿನ್ ಆಗುತ್ತೆ. ಐಸ್‌ಕ್ರೀಮಿನ ವೆನಿಲಾ ಘಮಕ್ಕೂ ಇದೇ ಅಣು ಕಾರಣ. ಬೆಂಗಳೂರಿನ ಸೆಖೆಯಲ್ಲಿ ಅಮೃತ್ ಡಿಸ್ಟಿಲರಿಯ ಪೀಪಾಯಿಗಳಿಂದ ವರ್ಷಕ್ಕೆ ಸುಮಾರು ಹತ್ತನೇ ಒಂದು ಭಾಗ ಆವಿಯಾಗಿ ಹೋಗುತ್ತೆ. ಇಲ್ಲಿನ ಚಳಿಯಲ್ಲಿ ನಷ್ಟ ಕಡಿಮೆ, ಆದರೆ ಹದವಾಗೋದೂ ನಿಧಾನ.

ಕೆನಡಾ ಕಾನೂನಿನಂತೆ ವಿಸ್ಕಿ ಕನಿಷ್ಠ 3 ವರ್ಷ ಪೀಪಾಯಿಯಲ್ಲಿ ಇರಬೇಕು. ಉದ್ಯಮದ ಕಷ್ಟ ಇಲ್ಲೇ ಇರೋದು: ಮುಂದಿನ ಗಿರಾಕಿಯ ರುಚಿಯನ್ನು ಇವತ್ತೇ ಊಹಿಸಬೇಕು. 1970ರ ದಶಕದ ನಂತರ ಜನ ವೋಡ್ಕಾದಂಥ ಬಿಳಿ ಮದ್ಯಗಳತ್ತ ಹೊರಳಿದರು. ಹಳೆಯ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಕೆನಡಾದ ವಿಸ್ಕಿಗೆ ಅಗ್ಗದ ಮಾಲು ಅನ್ನೋ ಹೆಸರು ಅಂಟಿಕೊಂಡಿತು. ಹೆಸರಿಗೆ ರೈ ಆದರೂ ಹೆಚ್ಚಿನ ಬಾಟಲಿಗಳಲ್ಲಿ ಮುಖ್ಯ ಧಾನ್ಯ ಮೆಕ್ಕೆಜೋಳ. ರೈ ಬರೀ ಒಗ್ಗರಣೆ. ಕಾನೂನು ಅದಕ್ಕೂ ಒಪ್ಪುತ್ತೆ.

ಚೇತರಿಕೆ ಬಂದದ್ದು ರುಚಿಯಿಂದ. ವೈನ್ ತಯಾರಕ ಜಾನ್ ಹಾಲ್ 1992ರಲ್ಲಿ ಗ್ರಿಮ್ಸ್‌ಬಿಯಲ್ಲಿ ಡಿಸ್ಟಿಲರಿ ಕೊಂಡು, ರೈ, ಬಾರ್ಲಿ, ಮೆಕ್ಕೆಜೋಳಗಳನ್ನು ಬೇರೆ ಬೇರೆಯಾಗಿ ಹದಮಾಡಿ ಆಮೇಲೆ ಬೆರೆಸಿದರು. ಅದೇ ಫಾರ್ಟಿ ಕ್ರೀಕ್. 2015ರಲ್ಲಿ ಶೇ. 90 ರೈ ಇರುವ ಕ್ರೌನ್ ರಾಯಲ್ ನಾರ್ದರ್ನ್ ಹಾರ್ವೆಸ್ಟ್ ಅನ್ನು ವಿಮರ್ಶಕ ಜಿಮ್ ಮರ್ರೆ ಜಗತ್ತಿನ ವರ್ಷದ ವಿಸ್ಕಿ ಅಂತ ಆರಿಸಿದರು. ಹೊಸ ಸಣ್ಣ ಡಿಸ್ಟಿಲರಿಗಳೂ ಹುಟ್ಟಿದವು. ವಿಸ್ಕಿ ಹದವಾಗುವ ತನಕ ಅವುಗಳಲ್ಲಿ ಹಲವಕ್ಕೆ ಅನ್ನ ಹಾಕೋದು ಕಾಯಬೇಕಿಲ್ಲದ ಜಿನ್, ವೋಡ್ಕಾ!

ಆದರೆ ಬ್ರ್ಯಾಂಡ್ ಗೆದ್ದರೆ ಊರಿನ ಕೆಲಸ ಉಳಿಯುತ್ತೆ ಅಂತೇನಿಲ್ಲ. ಒಂಟಾರಿಯೊದ ಆಮ್ಹರ್ಸ್ಟ್‌ಬರ್ಗ್‌ನಲ್ಲಿದ್ದ ಕ್ರೌನ್ ರಾಯಲ್ ಬಾಟ್ಲಿಂಗ್ ಘಟಕವನ್ನು ಮುಚ್ಚುವುದಾಗಿ ಡಿಯಾಜಿಯೊ ಕಂಪನಿ 2025ರಲ್ಲಿ ಪ್ರಕಟಿಸಿತು. ಉದ್ಯಮ ಚೇತರಿಸಿಕೊಂಡಿತು ಅಂದಾಗ, ಯಾರಿಗೆ ಅಂತಲೂ ಕೇಳಬೇಕು. ಮತ್ತೆ ಸಿಗೋಣ.